ಮದ್ಯದ ಸುಂಕ ಬೆಸೆದ ನೈಜೀರಿಯಾ

1913ರಲ್ಲಿ ಲಂಡನ್ನಿನ ಔತಣಕೂಟವೊಂದರಲ್ಲಿ ಬ್ರಿಟನ್ನಿನ ವಸಾಹತು ಸಚಿವ ಲೂಯಿಸ್ ಹಾರ್ಕೋರ್ಟ್ ಒಂದು ಮದುವೆಯ ಸುದ್ದಿ ಹೇಳಿದ. ವರ ಉತ್ತರ ನೈಜೀರಿಯಾ: ಸಭ್ಯ ಹುಡುಗ, ಭರವಸೆಯವನು. ವಧು ದಕ್ಷಿಣದವಳು, ಆಸ್ತಿವಂತೆ. ಪೌರೋಹಿತ್ಯ ಸರ್ ಫ್ರೆಡರಿಕ್ ಲುಗಾರ್ಡ್‌ನದು. ಊಟಕ್ಕೆ ಕೂತವರು ನಕ್ಕಿರಬೇಕು. ವಧೂವರರನ್ನು ಮಾತ್ರ ಯಾರೂ ಒಪ್ಪಿಗೆ ಕೇಳಿರಲಿಲ್ಲ.

ತಮಾಷೆಯ ಅಡಿಯಲ್ಲಿದ್ದದ್ದು ಜಮಾಖರ್ಚು. 1861ರಲ್ಲೇ ಲಾಗೋಸ್ ಬಂದರನ್ನು ಕಬಳಿಸಿದ್ದ ಬ್ರಿಟನ್, 1900ರಲ್ಲಿ ರಾಯಲ್ ನೈಜರ್ ಕಂಪನಿಗೆ 8,65,000 ಪೌಂಡ್ ತೆತ್ತು ಅದರ ಹಕ್ಕುಗಳನ್ನು ಬಿಡಿಸಿಕೊಂಡಿತು. ಈ ತುಂಡುಗಳನ್ನೆಲ್ಲ ಎಂದಾದರೊಂದು ದಿನ ಒಂದುಗೂಡಿಸಬೇಕೆಂದು ಬ್ರಿಟಿಷ್ ಸರ್ಕಾರದ ಸೆಲ್ಬೋರ್ನ್ ಸಮಿತಿ 1898ರಲ್ಲೇ ಹೇಳಿತ್ತು. 1906ರಲ್ಲಿ ಲಾಗೋಸ್ ದಕ್ಷಿಣದ ಉಳಿದ ಭಾಗದೊಡನೆ ಸೇರಿತು. ಉತ್ತರ ಹೊರಗೇ ಉಳಿಯಿತು.

ಆ ಉತ್ತರಕ್ಕೆ ಸಮುದ್ರವಿಲ್ಲ. ಬಂದರಿಲ್ಲದ ಮೇಲೆ ಸುಂಕವೆಲ್ಲಿ? ಸೈನ್ಯದ, ಆಡಳಿತದ ಖರ್ಚು ತುಂಬಲು ಲಂಡನ್ನಿನ ಖಜಾನೆ ವರ್ಷ ವರ್ಷವೂ ಅನುದಾನ ಕಳಿಸಬೇಕಾಗಿತ್ತು. ದಕ್ಷಿಣದ ಬೊಕ್ಕಸ ತುಂಬಿಸುತ್ತಿದ್ದದ್ದು ಬಹುಪಾಲು ಆಮದು ಸುಂಕ. ಅದರಲ್ಲೂ ದೊಡ್ಡ ಪಾಲು ಯುರೋಪಿನಿಂದ ಬರುತ್ತಿದ್ದ ಜಿನ್ ಮುಂತಾದ ಮದ್ಯದ್ದು. ಉತ್ತರದಲ್ಲಾದರೋ ಮದ್ಯದ ವ್ಯಾಪಾರಕ್ಕೆ ಬ್ರಿಟಿಷರೇ ನಿಷೇಧ ಹೇರಿದ್ದರು. ಪಾನನಿಷೇಧದ ನಾಡಿನ ಕೊರತೆಯನ್ನು ಕುಡಿಯುವ ನಾಡಿನ ದುಡ್ಡಿನಿಂದ ತುಂಬುವ ಈ ಉಪಾಯಕ್ಕೆ ಲಂಡನ್ನಿನಲ್ಲಿ ಯಾರಿಗೂ ಮುಜುಗರವಾದಂತೆ ಕಾಣುವುದಿಲ್ಲ.

ರೈಲಿನ ತಗಾದೆ ಬೇರೆ. ದಕ್ಷಿಣ ಸರ್ಕಾರ ಲಾಗೋಸಿನಿಂದ ಹಳಿ ಹಾಸುತ್ತ ಬಂದರೆ, ಉತ್ತರ ಸರ್ಕಾರ ನೈಜರ್ ದಂಡೆಯ ಬಾರೋದಿಂದ ಕಾನೋವರೆಗೆ ತನ್ನದೇ ಹಳಿ ಹಾಸಿತು. ಒಂದೇ ಸಾಮ್ರಾಜ್ಯದ ಎರಡು ರೈಲುಗಳು ಒಂದೇ ಸರಕಿಗೆ ಪೈಪೋಟಿಗೆ ಬಿದ್ದವು.

ಈ ಗಂಟು ಬಿಡಿಸಲು 1912ರಲ್ಲಿ ಹಾಂಗ್‌ಕಾಂಗಿನಿಂದ ಬಂದವನು ಲುಗಾರ್ಡ್. 1858ರಲ್ಲಿ ಮದರಾಸಿನಲ್ಲಿ ಹುಟ್ಟಿದ ಈ ಸೈನಿಕ ಹಿಂದೆ ಉತ್ತರದ ಹೈಕಮಿಷನರ್ ಆಗಿದ್ದ. ಅಲ್ಲಿನ ಮುಸ್ಲಿಂ ದೊರೆಗಳಾದ ಅಮೀರರ ದರ್ಬಾರುಗಳೆಂದರೆ ಅವನಿಗೆ ಒಲವು, ಲಾಗೋಸಿನ ವಕೀಲರು, ಪತ್ರಿಕೆಯವರೆಂದರೆ ಅಲರ್ಜಿ. ನಾಡನ್ನು ನಾಲ್ಕು ಪ್ರಾಂತ್ಯ ಮಾಡಿ ಎಂದು ಪತ್ರಕರ್ತ ಇ. ಡಿ. ಮೊರೆಲ್ ಸೂಚಿಸಿದ್ದ, ಏಳು ಮಾಡಿ ಎಂದದ್ದು ಉತ್ತರದ ಅಧಿಕಾರಿ ಚಾರ್ಲ್ಸ್ ಟೆಂಪಲ್. ಲುಗಾರ್ಡ್ ಎರಡನ್ನೂ ಪಕ್ಕಕ್ಕಿಟ್ಟ.

1914ರ ಜನವರಿ 1ರಂದು ವಿಲೀನವಾಯಿತು. ರೈಲು, ಸುಂಕ, ಅಂಚೆ-ತಂತಿ, ಖಜಾನೆ ಒಂದಾದವು. ಒಂದಾಗದ್ದರ ಪಟ್ಟಿಯೇ ಉದ್ದ: ಉತ್ತರಕ್ಕೊಬ್ಬ, ದಕ್ಷಿಣಕ್ಕೊಬ್ಬ ಲೆಫ್ಟಿನೆಂಟ್ ಗವರ್ನರ್, ಕಾರ್ಯಾಲಯ ಬೇರೆ, ಭೂಕಾನೂನು ಬೇರೆ. ಮಿಷನರಿ ಶಾಲೆಗಳು ದಕ್ಷಿಣದಲ್ಲಿ ಹಬ್ಬಿದರೆ ಅಮೀರರ ಸೀಮೆಯಲ್ಲಿ ಅವಕ್ಕೆ ಕಡಿವಾಣವಿತ್ತು. ಹಣ ಕೂಡಬೇಕು, ಜನ ಕೂಡಬಾರದು ಎಂಬಂತಿತ್ತು ಏರ್ಪಾಡು. ಉತ್ತರದ ಪ್ರತಿನಿಧಿಗಳು ದಕ್ಷಿಣದವರ ಜತೆ ಒಂದೇ ಶಾಸನಸಭೆಯಲ್ಲಿ ಕೂತದ್ದು 1947ರಲ್ಲಿ, ವಿಲೀನವಾಗಿ 33 ವರ್ಷದ ಮೇಲೆ.

ಸ್ಥಳೀಯ ದೊರೆಗಳ ಮೂಲಕ ಆಳುವ ರೀತಿ ಮಾತ್ರ ಉತ್ತರದಿಂದ ದಕ್ಷಿಣಕ್ಕೆ ಹರಿಯಿತು. ರಾಜರೇ ಇಲ್ಲದ, ದಕ್ಷಿಣದ ಇಗ್ಬೋ ಜನರ ಹಳ್ಳಿಗಳಲ್ಲೂ ಬ್ರಿಟಿಷರು ಅಧಿಕಾರಪತ್ರ ಕೊಟ್ಟು ಮುಖಂಡರನ್ನು ಸೃಷ್ಟಿಸಿದ್ದರು. ಗಂಡಸರ ಮೇಲೆ ತೆರಿಗೆ ಬಂದ ಬೆನ್ನಿಗೇ, ಇನ್ನು ಹೆಂಗಸರ ಮೇಲೂ ಬೀಳುತ್ತದೆಂಬ ಸುದ್ದಿ ಹಬ್ಬಿದಾಗ, 1929ರಲ್ಲಿ ಆಬಾ ಸುತ್ತಮುತ್ತ ಸಾವಿರಾರು ಹೆಂಗಸರು ಬೀದಿಗಿಳಿದರು. ಗುಂಡೇಟಿಗೆ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು.

1953ರಲ್ಲಿ ಶಾಸನಸಭೆಯ ದಕ್ಷಿಣದ ಸದಸ್ಯ ಆಂಥೊನಿ ಎನಹೋರೊ, 1956ಕ್ಕೆ ಸ್ವಯಮಾಡಳಿತ ಬೇಕೆಂದು ಗೊತ್ತುವಳಿ ಮಂಡಿಸಿದಾಗ ಉತ್ತರದವರು ಒಪ್ಪಲಿಲ್ಲ. 1914ರ ತಪ್ಪು ಈಗ ಬಯಲಾಗಿದೆ ಎಂದು ಉತ್ತರದ ನಾಯಕ ಅಹ್ಮದು ಬೆಲ್ಲೊ ಕಹಿಯಾಗಿ ನುಡಿದ. ಅದೇ ವರ್ಷದ ಮೇ ತಿಂಗಳಲ್ಲಿ ಕಾನೋದಲ್ಲಿ ಗಲಭೆ ಎದ್ದಿತು. ಮರುವರ್ಷದ ಸಂವಿಧಾನ ನೈಜೀರಿಯಾವನ್ನು ಒಕ್ಕೂಟ ಮಾಡಿ, ಆದಾಯ ಹುಟ್ಟಿದ ಪ್ರದೇಶಕ್ಕೇ ಅದರ ಹೆಚ್ಚಿನ ಪಾಲು ಎಂಬ ತತ್ವಕ್ಕೆ ಒತ್ತು ಕೊಟ್ಟಿತು. ನೆಲಗಡಲೆ ಬೆಳೆಯುತ್ತಿದ್ದ ಉತ್ತರಕ್ಕೂ ಆಗ ಅದು ಸಮ್ಮತವೇ. 1956ರಲ್ಲಿ ದಕ್ಷಿಣದ ಓಲೋಯಿಬಿರಿಯಲ್ಲಿ ತೈಲ ಸಿಕ್ಕಿತು.