ಕೈಗೆ ತಕ್ಕ ಪೆಟ್ಟಿಗೆ

ಲ್ಯಾಪ್‌ಟಾಪ್ ಮುಂದೆ ನಿಂತು ಸಂಗೀತ ನುಡಿಸುವವರಿಗೆ ಮೌಸ್ ಸಾಲದು. ತಾಳದ ಸದ್ದು ತಗ್ಗಿಸುತ್ತಲೇ ಇನ್ನೊಂದು ದನಿಗೆ ಪ್ರತಿಧ್ವನಿ ಏರಿಸಬೇಕೆಂದರೆ ಎರಡೂ ಕೈಗೆ ಕೆಲಸ ಬೇಕು. ಎದುರಿಗೆ ಕೂತವರದು ಬೇರೆ ಗುಮಾನಿ: ಈತ ನುಡಿಸುತ್ತಿದ್ದಾನೋ, ಮೇಲ್ ನೋಡುತ್ತಿದ್ದಾನೋ?

ಬರ್ಲಿನ್‌ನಲ್ಲಿ ನೆಲೆಸಿ, ‘ಮೊನೊಲೇಕ್’ ಹೆಸರಿನಲ್ಲಿ ನುಡಿಸುವ ರಾಬರ್ಟ್ ಹೆಂಕೆ 2001ರಲ್ಲಿ ಬಂದ ‘ಏಬಲ್ಟನ್ ಲೈವ್’ ತಂತ್ರಾಂಶವನ್ನು ರೂಪಿಸಿದವರಲ್ಲಿ ಒಬ್ಬರು. ಆ ತಂತ್ರಾಂಶವನ್ನು ವೇದಿಕೆಯಲ್ಲಿ ನಡೆಸಲು ಅವರು 2003ರಲ್ಲಿ ‘ಮೊನೊಡೆಕ್’ ಎಂಬ ನಾಬ್, ಬಟನ್‌ಗಳ ಪೆಟ್ಟಿಗೆಯನ್ನು, ಅಂದರೆ ಕಂಟ್ರೋಲರ್ ಅನ್ನು, ತಾವೇ ಕಟ್ಟಿಕೊಂಡರು. ಎರಡೇ ವರ್ಷಕ್ಕೆ ಅದರ ಎರಡನೇ ಆವೃತ್ತಿಯೂ ಬಂತು. ಲೈವ್‌ಗೆಂದೇ ಅಕಾಯ್ ಕಂಪನಿ ‘ಎಪಿಸಿ40’ ಎಂಬ ಸಿದ್ಧ ಕಂಟ್ರೋಲರ್ ಅನ್ನು ಮಾರುಕಟ್ಟೆಗೆ ಬಿಟ್ಟದ್ದು 2009ರಲ್ಲಿ.

ಕಂಟ್ರೋಲರ್ ಎಂಬ ಈ ಪೆಟ್ಟಿಗೆಗೆ ಸ್ವಂತ ದನಿಯಿಲ್ಲ. ಯಾವ ನಾಬ್ ಎಷ್ಟು ತಿರುಗಿತು, ಯಾವ ಬಟನ್ ಒತ್ತಿದರು ಎಂಬ ಸುದ್ದಿಯನ್ನಷ್ಟೇ ಅದು ಕಂಪ್ಯೂಟರಿಗೆ ಮುಟ್ಟಿಸುತ್ತದೆ. ಸುದ್ದಿಯ ಭಾಷೆ ಮಿಡಿ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಸಂಗೀತ ವಾದ್ಯ ಮೇಳದಲ್ಲಿ ಸೀಕ್ವೆನ್ಶಿಯಲ್ ಸರ್ಕಿಟ್ಸ್ ಮತ್ತು ರೋಲ್ಯಾಂಡ್ ಕಂಪನಿಗಳ ಸಿಂಥಸೈಜರ್‌ಗಳು ಈ ಭಾಷೆಯಲ್ಲೇ ಮಾತಾಡಿಕೊಂಡವು. ಅದರಲ್ಲಿ ನಾಬ್‌ನ ಸ್ಥಾನವನ್ನು ಸಾಮಾನ್ಯವಾಗಿ 0ಯಿಂದ 127ರವರೆಗಿನ ಒಂದು ಸಂಖ್ಯೆ ಹೇಳುತ್ತದೆ.

ಸ್ವಂತ ಪೆಟ್ಟಿಗೆ ಮಾಡುವವರಿಗೆ ಬೇಕಾದ ಸಾಮಾನು ಅಪರೂಪದ್ದೇನಲ್ಲ. ಟೀನ್ಸಿ ಅಥವಾ ಆರ್ಡುಯಿನೊ ಲಿಯೊನಾರ್ಡೊದಂಥ ಪುಟ್ಟ ಬೋರ್ಡು, ನಾಬ್‌ನ ಅಡಿಗೆ 10 ಕಿಲೋ ಓಮ್‌ನ ಪೊಟೆನ್ಶಿಯೊಮೀಟರ್, ಬಟನ್, ಡಯೋಡು: ಎಲ್ಲ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸಿಗುವ ಸರಕು. ಅದನ್ನು ಜೋಡಿಸಿದ ಮೇಲೆ ತಾಪತ್ರಯ ಶುರು. ಯಾರೂ ಮುಟ್ಟದ ನಾಬ್ ಕೂಡ 63, 64, 63 ಎಂದು ವರದಿ ಒಪ್ಪಿಸುತ್ತಲೇ ಇರುತ್ತದೆ, ಏಕೆಂದರೆ ಅದರ ವೋಲ್ಟೇಜ್ ತುಸು ತುಸುವೇ ಅಲುಗುತ್ತದೆ. ಇಷ್ಟು ದಾಟಿದರೆ ಮಾತ್ರ ಬದಲಾವಣೆ ಎಂದು ಪ್ರೋಗ್ರಾಮ್‌ನಲ್ಲಿ ಮಿತಿ ಹಾಕಬೇಕು. ಬಟನ್‌ನದು ಇನ್ನೊಂದು ಕಿತಾಪತಿ. 64 ಬಟನ್‌ಗಳನ್ನು 8 ಸಾಲು, 8 ಕಂಬಗಳಾಗಿ ಹೆಣೆದರೆ 16 ತಂತಿ ಸಾಕು; ಆದರೆ ಚೌಕದ ಮೂರು ಮೂಲೆ ಒಟ್ಟಿಗೆ ಒತ್ತಿದಾಗ, ಬೆರಳೇ ಸೋಕದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಬಟನ್‌ಗೊಂದು ಡಯೋಡು ಹಾಕುವುದು ಈ ಭೂತ ಬಿಡಿಸಲಿಕ್ಕೆ.

ನಿಜವಾದ ತಲೆನೋವು ಹಾಡು ಬದಲಾದಾಗ. ಹಿಂದಿನ ಹಾಡಿಗೆ ನಾಬ್ ತುದಿಯಲ್ಲಿದೆ, ಹೊಸದರ ಲೆಕ್ಕ ಅರ್ಧಕ್ಕಿದೆ. ಮುಟ್ಟಿದರೆ ಸದ್ದು ದಿಢೀರನೆ ಹಾರುತ್ತದೆ. ಕೊನೆಯಿಲ್ಲದೆ ಸುತ್ತುವ ಎನ್‌ಕೋಡರ್ ಹಾಕಿ, ಸ್ಥಾನ ತೋರಿಸಲು ಸುತ್ತ ಎಲ್‌ಇಡಿ ಉಂಗುರ ಕೂರಿಸುವುದು ಒಂದು ದಾರಿ. ನಾಬ್ ಹೊಸ ಹಾಡಿನ ಲೆಕ್ಕವನ್ನು ಮುಟ್ಟುವವರೆಗೆ ತಂತ್ರಾಂಶ ಅದನ್ನು ಲೆಕ್ಕಿಸದಿರುವುದು ಇನ್ನೊಂದು, ಅಗ್ಗದ್ದು. ಕತ್ತಲಲ್ಲಿ ಬೆರಳಿಗೆ ಸಿಗುವಷ್ಟು ನಾಬ್‌ಗಳ ನಡುವೆ ಅಂತರವೂ ಬೇಕು. ಸಣ್ಣ ಪೆಟ್ಟಿಗೆಯ ಮೋಹಕ್ಕೆ ಬಿದ್ದವರು ಇಲ್ಲೇ ಎಡವುವುದು.

ಅಮೆರಿಕದ ಬ್ರಯಾನ್ ಕ್ರ್ಯಾಬ್‌ಟ್ರೀ, ಕೆಲ್ಲಿ ಕೇನ್ ಜೋಡಿ 2006ರಲ್ಲಿ ತಂದ ‘ಮೊನೋಮ್’ ಮೇಲೆ ನಾಬ್‌ಗಳೇ ಇರಲಿಲ್ಲ. ಇದ್ದದ್ದು ದೀಪ ಹೊತ್ತ 64 ಬಟನ್. ಒಂದರ ಮೇಲೂ ಅಕ್ಷರವಿಲ್ಲ. ಒತ್ತಿದ ಮಾತ್ರಕ್ಕೆ ದೀಪ ಹತ್ತುವುದೂ ಇಲ್ಲ, ಅದನ್ನು ಕಂಪ್ಯೂಟರಿನ ಪ್ರೋಗ್ರಾಮ್ ತೀರ್ಮಾನಿಸುತ್ತದೆ. ಲಾಸ್ ಏಂಜಲೀಸ್‌ನ ಸಂಗೀತಗಾರ ಡೆಡಲಸ್ ಮೊನೋಮ್ ಅನ್ನು ಸಭಿಕರತ್ತ ವಾಲಿಸಿ ನುಡಿಸಿ, ಬೆರಳಾಟ ಎಲ್ಲರಿಗೂ ಕಾಣುವಂತೆ ಮಾಡಿದರು.

ಇವರೆಲ್ಲರಿಗಿಂತ ಮೊದಲಿನವರು ಆಮ್‌ಸ್ಟರ್‌ಡ್ಯಾಮ್‌ನ ಸ್ಟೈಮ್ ಸಂಸ್ಥೆಯ ಮಿಷೆಲ್ ವೈಸ್‌ವಿಷ್. ಮಿಡಿ ಬಂದ ಮರುವರ್ಷವೇ, 1984ರಲ್ಲಿ, ಕೀಲಿಗಳನ್ನೂ ಸೆನ್ಸರ್‌ಗಳನ್ನೂ ಎರಡೂ ಕೈಗೆ ಕಟ್ಟಿಕೊಂಡು ‘ದ ಹ್ಯಾಂಡ್ಸ್’ ನುಡಿಸಿದರು. ಕೈಗಳ ನಡುವಿನ ದೂರ ಹೆಚ್ಚುಕಡಿಮೆಯಾದರೂ ನಾದ ಬದಲಾಗುತ್ತಿತ್ತು. ಕಟ್ಟುವವರಿಗೆ ದಿನಕ್ಕೊಂದು ಹೊಸ ಸೆನ್ಸರ್ ಸೇರಿಸುವ ಚಪಲ ಸಹಜ. ವೈಸ್‌ವಿಷ್ ಮಾತ್ರ ಒಂದು ಹಂತದಲ್ಲಿ ಬೆಸುಗೆ ಕಡ್ಡಿ ಕೆಳಗಿಟ್ಟು, ಇದ್ದುದರ ಮೇಲೇ ವರ್ಷಗಟ್ಟಲೆ ಅಭ್ಯಾಸಕ್ಕೆ ಕೂತರು.