ಸಿಎನ್‌ಜಿ ಕಾರಿನ ರೆಗ್ಯುಲೇಟರ್ ಬದಲಿಸುವಾಗ

ಸಿಎನ್‌ಜಿ ಕಾರಿನ ಸಿಲಿಂಡರ್‌ನಲ್ಲಿ ಅನಿಲದ ಒತ್ತಡ ಸುಮಾರು 200 ಬಾರ್. ಟೈರಿನಲ್ಲಿರುವುದು 2 ಬಾರ್ ಚಿಲ್ಲರೆ. ಈ ಒತ್ತಡವನ್ನು ಎಂಜಿನ್‌ಗೆ ಬೇಕಾದಷ್ಟಕ್ಕೆ ಇಳಿಸುವುದು ರೆಗ್ಯುಲೇಟರ್. ಒತ್ತಡ ಇಳಿದು ಹಿಗ್ಗುವ ಅನಿಲ ತಣ್ಣಗಾಗುತ್ತದೆ, ನಮ್ಮ ಭೌತಶಾಸ್ತ್ರದ ಪಾಠವೇ! ಅದು ಹೆಪ್ಪುಗಟ್ಟದಿರಲೆಂದು ಎಂಜಿನ್‌ನ ಬಿಸಿ ಕೂಲೆಂಟನ್ನು ಅದರೊಳಗೆ ಹಾಯಿಸುತ್ತಾರೆ. ರಬ್ಬರ್ ಡಯಾಫ್ರಾಮ್ ಹಾಳಾದರೆ ಕಾರು ಸರಿಯಾಗಿ ಎಳೆಯದು, ಗ್ಯಾಸ್ ವಾಸನೆಯೂ ಬರಬಹುದು.

ಬದಲಿಸುವುದು ತರಬೇತಿ ಪಡೆದ ಮೆಕ್ಯಾನಿಕ್‌ನ ಕೆಲಸ. ಅವರು ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ. ಸಿಲಿಂಡರ್ ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ಗ್ಯಾಸ್ ಮುಗಿಯುವವರೆಗೆ ಎಂಜಿನ್ ಓಡಿಸುತ್ತಾರೆ. ಎಂಜಿನ್ ಆರಿದ ಮೇಲೆ, ಗಾಳಿಯಾಡುವ ಜಾಗದಲ್ಲಿ ಬಿಚ್ಚುತ್ತಾರೆ.

ಹೊಸದನ್ನು ಕೂರಿಸಿ, ವಾಲ್ವನ್ನು ನಿಧಾನವಾಗಿ ತೆರೆದು, ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಬೇಕು. ಬೆಂಕಿಕಡ್ಡಿ ಗೀರಿ ನೋಡುವ ಧೈರ್ಯವಂತರಿಂದ ದೂರವಿರಿ. ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ; ಒತ್ತಡವಿರುವಾಗ ನಟ್ ಬಿಗಿಯಬಾರದು, ವಾಲ್ವ್ ಮುಚ್ಚಿ ಮೊದಲಿನಿಂದ ಶುರುಮಾಡಬೇಕು.