ನಿಮಗಿದು ಗೊತ್ತೆ? ಆಕಾಶದ ಕಪ್ಪು ಕಲೆ ತೂತಲ್ಲ
ಆಕಾಶಗಂಗೆಯಲ್ಲಿ ಅಲ್ಲಲ್ಲಿ ಕಾಣುವ ಕಪ್ಪು ಕಲೆಗಳು ನಕ್ಷತ್ರಗಳೇ ಇಲ್ಲದ ತೂತುಗಳೆಂದು ವಿಲಿಯಂ ಹರ್ಷೆಲ್ ಕಾಲದಿಂದಲೂ ಅನೇಕರು ನಂಬಿದ್ದರು. ಅವುಗಳ ಫೋಟೊ ತೆಗೆಯುತ್ತಲೇ ಬಂದ ಅಮೆರಿಕದ ಎಡ್ವರ್ಡ್ ಬರ್ನಾರ್ಡ್ ಕೂಡ ಬಹುಕಾಲ ಅನುಮಾನಿಸಿ, 1919ರಲ್ಲಿ 182 ಕಲೆಗಳ ಪಟ್ಟಿ ಪ್ರಕಟಿಸುವ ಹೊತ್ತಿಗೆ ಬಹುಪಾಲು ಕಲೆಗಳು ಬೆಳಕನ್ನು ತಡೆಯುವ ಮೋಡಗಳೆಂದು ಒಪ್ಪಿದರು. ತೂತೇ ಆಗಿದ್ದರೆ ಪ್ರತಿಯೊಂದೂ ನೇರ ಭೂಮಿಯತ್ತಲೇ ಬಾಯ್ದೆರೆದ ಉದ್ದನೆಯ ಸುರಂಗವಾಗಬೇಕಿತ್ತು. ಅಷ್ಟೂ ಸುರಂಗಗಳು ನಮ್ಮ ಕಡೆಗೇ ತಿರುಗಿವೆ ಎಂದರೆ ನಂಬುವ ಮಾತೇ?

ಇದು ಬರೀ ತರ್ಕ ಎನ್ನುವವರಿಗೆ ಫೋಟೊದಲ್ಲೇ ಪುರಾವೆಯಿದೆ. ಬರ್ನಾರ್ಡ್ 68 ಎಂಬ ಕಲೆಯ ಅಂಚಿನ ನಕ್ಷತ್ರಗಳು ಕೆಂಪಗೆ ಕಾಣುತ್ತವೆ, ಏಕೆಂದರೆ ಮೋಡದಲ್ಲಿರುವ ಧೂಳು ನೀಲಿ ಬೆಳಕನ್ನು ಹೆಚ್ಚು ತಡೆಯುತ್ತದೆ. ಅವಕೆಂಪು ಚಿತ್ರದಲ್ಲಂತೂ ಅದರ ಹಿಂದಿನ ನಕ್ಷತ್ರಗಳೇ ಕಾಣುತ್ತವೆ. ಇಂಥ ಕಲೆಗಳನ್ನು ಸೆರೆಹಿಡಿಯಲು ಖಾಸಗಿ ವೀಕ್ಷಣಾಲಯದ ಸಣ್ಣ ದೂರದರ್ಶಕವೂ ಸಾಕು. ಬೀದಿದೀಪದ ಬೆಳಕು ತಾಕದ ಆಕಾಶ, ದೀರ್ಘ ಎಕ್ಸ್‌ಪೋಷರ್ ಮಾತ್ರ ಬೇಕೇಬೇಕು.